ಮಿದುಳಿನ ಪೆಟ್ಟಿನ ನಂತರದ ಪುನಶ್ಚೇತನದಲ್ಲಿ ವಿಡಿಯೊ ಗೇಮ್

ಮಿದುಳಿಗೆ ಪೆಟ್ಟಾದ ಮೇಲೆ ಕುಂದಿದ ಕೈಕಾಲಿನ ಸ್ವಾಧೀನ, ಸಮತೋಲ, ಗಮನ, ನೆನಪು, ಮಾತು ಮುಂತಾದ ಶಕ್ತಿಗಳನ್ನು ಆದಷ್ಟು ಮರಳಿ ಪಡೆಯಲು ವಿಡಿಯೊ ಗೇಮ್‌ಗಳನ್ನು ಅಭ್ಯಾಸದ ಸಾಧನವಾಗಿ ಬಳಸುವ ಕ್ರಮ. ಪೆಟ್ಟಿನಲ್ಲಿ ಮುಖ್ಯವಾಗಿ ಎರಡು ಬಗೆ. ರಕ್ತನಾಳ ಕಟ್ಟಿಕೊಂಡೋ ಒಡೆದೋ ಆಗುವ ಪಾರ್ಶ್ವವಾಯು ಒಂದು. ಜನ ಲಕ್ವ ಎನ್ನುವುದೂ ಸ್ಟ್ರೋಕ್ ಎನ್ನುವುದೂ ಇದನ್ನೇ. ರಸ್ತೆ ಅಪಘಾತ, ಎತ್ತರದಿಂದ ಬೀಳುವುದು, ಹೊಡೆತ ಇವುಗಳಿಂದ ತಲೆಗೆ ಆಗುವ ಗಾಯ ಇನ್ನೊಂದು. ಮನರಂಜನೆಗೆಂದು ಅಂಗಡಿಯಲ್ಲಿ ಮಾರುವ ಆಟಗಳನ್ನೇ ಚಿಕಿತ್ಸೆಗೆ ಹೊಂದಿಸಿಕೊಳ್ಳುವುದುಂಟು, ರೋಗಿಗಳಿಗಾಗಿಯೇ ರೂಪಿಸಿದ ಆಟಗಳೂ ಉಂಟು. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ವಾಕ್ ಚಿಕಿತ್ಸೆ ಇವುಗಳ ಜೊತೆಗೆ ನಡೆಯಬೇಕಾದದ್ದೇ ಹೊರತು ಇದು ಅವುಗಳ ಬದಲಿಗೆ ಬಂದ ಪದ್ಧತಿಯಲ್ಲ. ನಾಲ್ಕು ದಶಕಗಳ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟ: ಪರದೆಯ ಮೇಲಿನ ಆಟಕ್ಕೆ ತನ್ನದೇ ಆದ ಗುಣಪಡಿಸುವ ಶಕ್ತಿಯಿಲ್ಲ. ಬೇಸರ ಹುಟ್ಟಿಸುವ ಅಭ್ಯಾಸವನ್ನು ಹೆಚ್ಚು ಸಲ, ಹೆಚ್ಚು ದಿನ ಮಾಡಿಸುವುದೇ ಅದರ ಬಲ.

ಅಭ್ಯಾಸದ ಲೆಕ್ಕ

ಪೆಟ್ಟಿನಲ್ಲಿ ಸತ್ತ ನರಕೋಶಗಳ ಜಾಗವನ್ನು ಹೊಸ ಕೋಶಗಳು ಬಂದು ತುಂಬುವುದಿಲ್ಲ. ಆದರೆ ಗಾಯದ ಅಂಚಿನಲ್ಲಿ ಉಳಿದವು, ಮಿದುಳಿನ ಬೇರೆಡೆ ಇರುವವು ಹೊಸ ಸಂಪರ್ಕ ಬೆಳೆಸಿಕೊಂಡು ಹೋದ ಕೆಲಸದ ಒಂದು ಪಾಲನ್ನು ವಹಿಸಿಕೊಳ್ಳಬಲ್ಲವು. ಮಿದುಳಿನ ಈ ನಮ್ಯತೆ ತಾನಾಗಿ ಸರಿಯಾದ ದಾರಿ ಹಿಡಿಯುತ್ತದೆಂಬ ಭರವಸೆ ಮಾತ್ರ ಇಲ್ಲ. 1996ರಲ್ಲಿ ಅಮೆರಿಕದ ರಾಂಡಾಲ್ಫ್ ನೂಡೊ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಸ್ಕ್ವಿರಲ್ ಮಂಕಿ ಎಂಬ ಸಣ್ಣ ಜಾತಿಯ ಕೋತಿಗಳ ಮಿದುಳಿನಲ್ಲಿ ಕೈಯನ್ನು ಆಳುವ ಭಾಗಕ್ಕೆ ಚಿಕ್ಕ ಗಾಯ ಮಾಡಿ, ಕೆಲವಕ್ಕೆ ಸಣ್ಣ ಕುಳಿಗಳಿಂದ ಆಹಾರದ ಗುಳಿಗೆಗಳನ್ನು ಬೆರಳಲ್ಲಿ ಹೆಕ್ಕುವ ಅಭ್ಯಾಸ ಕೊಟ್ಟರು. ಅಭ್ಯಾಸವಿಲ್ಲದ ಕೋತಿಗಳಲ್ಲಿ ಗಾಯದ ಪಕ್ಕದಲ್ಲಿ ಉಳಿದಿದ್ದ ಕೈಯ ಭಾಗವೂ ಕುಗ್ಗುತ್ತಿತ್ತು. ಅಭ್ಯಾಸ ಮಾಡಿದವುಗಳಲ್ಲಿ ಅದು ಉಳಿಯಿತು. ಕೆಲವುಗಳಲ್ಲಿ ಮೊಣಕೈ ಮತ್ತು ಭುಜಕ್ಕೆ ಸೇರಿದ್ದ ಜಾಗಕ್ಕೂ ಹಬ್ಬಿತು.

ಮನುಷ್ಯರಲ್ಲಿ ಇದರ ಇನ್ನೊಂದು ಮುಖವನ್ನು ಎಡ್ವರ್ಡ್ ಟಾಬ್ ಗುರುತಿಸಿದರು. ಕೈ ಬರುತ್ತಿಲ್ಲವೆಂದು ರೋಗಿ ಎಲ್ಲಕ್ಕೂ ಸರಿಯಿರುವ ಕೈಯನ್ನೇ ಬಳಸತೊಡಗಿದರೆ, ಬಳಸದಿರುವುದೇ ರೂಢಿಯಾಗಿ, ಬರಬಹುದಾಗಿದ್ದ ಶಕ್ತಿಯೂ ಬಾರದೆ ಹೋಗುತ್ತದೆ. ಸರಿಯಿರುವ ಕೈಗೆ ಎಚ್ಚರವಿರುವ ಬಹುಪಾಲು ಹೊತ್ತು ಗವಸು ತೊಡಿಸಿ, ಸ್ವಾಧೀನ ತಪ್ಪಿದ ಕೈಯಿಂದಲೇ ಕೆಲಸ ಮಾಡಿಸುವ ಅವರ ಪದ್ಧತಿಯನ್ನು 222 ಪಾರ್ಶ್ವವಾಯು ರೋಗಿಗಳ ಮೇಲೆ ನಡೆಸಿದ ಎಕ್ಸೈಟ್ ಎಂಬ ಪರೀಕ್ಷೆ 2006ರಲ್ಲಿ ಸಮರ್ಥಿಸಿತು.

ಪ್ರಾಣಿಗಳ ಪ್ರಯೋಗಗಳಲ್ಲಿ ದಿನಕ್ಕೆ ನಾಲ್ಕುನೂರು, ಆರುನೂರು ಸಲ ಒಂದೇ ಚಲನೆ ಮಾಡಿಸುವುದು ಸಾಮಾನ್ಯ. ಆಸ್ಪತ್ರೆಯಲ್ಲಿ ಏನಾಗುತ್ತದೆ? ಅಮೆರಿಕ ಮತ್ತು ಕೆನಡಾದ ಏಳು ಕೇಂದ್ರಗಳಲ್ಲಿ ಕ್ಯಾಥರಿನ್ ಲ್ಯಾಂಗ್ ತಂಡದವರು ಪಕ್ಕದಲ್ಲಿ ನಿಂತು ಎಣಿಸಿ 2009ರಲ್ಲಿ ವರದಿ ಮಾಡಿದರು: ಕೈಯ ಉಪಯುಕ್ತ ಚಲನೆಗಳನ್ನು ರೋಗಿ ಒಂದು ಸರದಿಯಲ್ಲಿ ಮಾಡುತ್ತಿದ್ದುದು ಸರಾಸರಿ 32 ಸಲ. ಈ ಎರಡು ಅಂಕಿಗಳ ನಡುವಿನ ಕಂದಕವೇ ವಿಡಿಯೊ ಗೇಮ್‌ಗಳನ್ನು ಪುನಶ್ಚೇತನ ಕೇಂದ್ರಗಳ ಒಳಕ್ಕೆ ಕರೆತಂದಿತು ಎಂದರೆ ತಪ್ಪಲ್ಲ. ಲೋಟವನ್ನು ಮುನ್ನೂರು ಸಲ ಎತ್ತಿಡಿ ಎಂದರೆ ಯಾರಿಗೂ ಮನಸ್ಸು ಬಾರದು. ಅದೇ ಕೈ ಚಾಚುವಿಕೆಗೆ ಒಂದು ಗುರಿ, ಅಂಕ, ಮುಂದಿನ ಹಂತ ಸೇರಿದಾಗ ಲೆಕ್ಕ ಮರೆತುಹೋಗುತ್ತದೆ. ಲಂಡನ್ನಿನಲ್ಲಿ 8 ಮಂದಿ ಗಂಡಸರಿಗೆ ಟ್ಯಾಂಕ್ ಓಡಿಸುವ ಆಟ ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿದ ಸಂಶೋಧಕರು, ಆಡುವಾಗ ಡೋಪಮೈನ್ ಎಂಬ ನರರಾಸಾಯನಿಕ ಹೆಚ್ಚು ಬಿಡುಗಡೆಯಾಗುತ್ತದೆ ಎಂದು 1998ರಲ್ಲಿ ತೋರಿಸಿದ್ದರು. ಕಲಿಕೆಗೂ ಹುಮ್ಮಸ್ಸಿಗೂ ಬೇಕಾದ ರಾಸಾಯನಿಕ ಅದು. ಆ ಆಟ ಆಡಿದವರು ಆರೋಗ್ಯವಂತರು ಎಂಬುದನ್ನು ಮಾತ್ರ ಮರೆಯಬಾರದು.

ಅಟಾರಿಯಿಂದ ಕಿನೆಕ್ಟ್‌ವರೆಗೆ

ಮೊದಲ ಹೆಜ್ಜೆ ಕೈಕಾಲಿಗಾಗಿ ಇಟ್ಟದ್ದಲ್ಲ, ಬುದ್ಧಿಯ ಕೆಲಸಗಳಿಗಾಗಿ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಲಿಂಚ್ 1980ರ ದಶಕದ ಆರಂಭದಲ್ಲೇ, ತಲೆಗೆ ಪೆಟ್ಟಾದವರ ಗಮನ ಮತ್ತು ನೆನಪಿನ ಅಭ್ಯಾಸಕ್ಕೆ ಟಿವಿಗೆ ಜೋಡಿಸುವ ಅಟಾರಿ ಆಟಗಳನ್ನು ಬಳಸಿದರು. ಮನೆಗಳಲ್ಲಿ ಮಕ್ಕಳು ಆಡುತ್ತಿದ್ದ, ಕಡಿಮೆ ಬೆಲೆಯ ಪೆಟ್ಟಿಗೆಯನ್ನು ಹೀಗೆ ಬಳಸಬಹುದೆಂದು ತೋರಿಸಿದ್ದೇ ಅವರ ದೊಡ್ಡ ಕೊಡುಗೆ.

ದೇಹದ ಚಲನೆಯನ್ನೇ ಆಟದ ಕೀಲಿಯಾಗಿಸುವ ಯಂತ್ರಗಳು ಬಂದದ್ದು ಎರಡು ದಶಕ ತಡವಾಗಿ. ಸೋನಿ ಕಂಪನಿ 2003ರಲ್ಲಿ ತಂದ ಐಟಾಯ್ ಎಂಬ ಕ್ಯಾಮೆರಾ ಆಡುವವರ ಚಿತ್ರವನ್ನು ಟಿವಿಯೊಳಗೇ ಕೂರಿಸುತ್ತಿತ್ತು. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಪುನಶ್ಚೇತನ ತಜ್ಞರು ಅದನ್ನು ಪಾರ್ಶ್ವವಾಯು ರೋಗಿಗಳ ಮೇಲೆ ಪರೀಕ್ಷಿಸಿ, ಆಸ್ಪತ್ರೆಗಳ ದುಬಾರಿ ಯಂತ್ರಕ್ಕೆ ಇದು ಅಗ್ಗದ ಪರ್ಯಾಯ ಆಗಬಲ್ಲದೆಂದು 2008ರಲ್ಲಿ ಬರೆದರು. ಹೆಚ್ಚು ದುರ್ಬಲರಾದ ರೋಗಿಗಳಿಗೆ ಆಟದ ವೇಗವನ್ನು ತಗ್ಗಿಸಲು ಬರುವುದಿಲ್ಲವೆಂಬ ಕೊರತೆಯೂ ಆಗಲೇ ಕಂಡಿತು.

ನಿಜವಾದ ತಿರುವು 2006ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ನಿಂಟೆಂಡೊ ಕಂಪನಿಯ ವೀ. ಅದರ ರಿಮೋಟಿನೊಳಗೆ ವೇಗೋತ್ಕರ್ಷ ಅಳೆಯುವ ಸಂವೇದಕವಿತ್ತು. ಕೈ ಬೀಸಿದರೆ ಪರದೆಯಲ್ಲಿ ಟೆನಿಸ್ ಬ್ಯಾಟು ಬೀಸುತ್ತಿತ್ತು. ಮರುವರ್ಷ ಬಂದ ಬ್ಯಾಲೆನ್ಸ್ ಬೋರ್ಡ್ ನಾಲ್ಕು ಮೂಲೆಗಳ ಒತ್ತಡ ಸಂವೇದಕಗಳಿಂದ, ನಿಂತವರ ಭಾರ ಎತ್ತ ವಾಲುತ್ತಿದೆ ಎಂದು ಹೇಳುತ್ತಿತ್ತು. ಆಸ್ಟ್ರೇಲಿಯಾದ ಸಂಶೋಧಕರು 2010ರಲ್ಲಿ ಅದನ್ನು ಪ್ರಯೋಗಾಲಯದ ಬೆಲೆಬಾಳುವ ಮಾಪಕದ ಜೊತೆ ಹೋಲಿಸಿ, ನಿಂತಾಗಿನ ಸಮತೋಲವನ್ನು ಅಳೆಯಲು ಇದು ನಂಬಿಕೆಗೆ ಅರ್ಹ ಎಂದರು. ಅದೇ ವರ್ಷದ ಕೊನೆಗೆ ಮೈಕ್ರೋಸಾಫ್ಟ್ ತಂದ ಕಿನೆಕ್ಟ್‌ಗೆ ಕೈಯಲ್ಲಿ ಹಿಡಿಯುವ ರಿಮೋಟೇ ಬೇಡ. ಅವಕೆಂಪು ಬೆಳಕಿನ ಆಳಮಾಪಕ ಕ್ಯಾಮೆರಾ ದೇಹದ ಕೀಲುಗಳನ್ನು ಗುರುತಿಸಿ ಹಿಂಬಾಲಿಸುತ್ತದೆ. ಮುಷ್ಟಿ ಹಿಡಿಯಲಾಗದ ರೋಗಿಗಳಿಗೆ ಇದು ದೊಡ್ಡ ಅನುಕೂಲ. ಆದರೆ ಕಿನೆಕ್ಟ್ ತಯಾರಿಕೆ 2017ರಲ್ಲಿ ನಿಂತಿತು, ಅದನ್ನೇ ನಂಬಿ ಕಟ್ಟಿದ ಎಷ್ಟೋ ಚಿಕಿತ್ಸಾ ಆಟಗಳು ಬೇರೆ ಕ್ಯಾಮೆರಾ ಹುಡುಕಬೇಕಾಯಿತು. ಆಟಿಕೆಯ ಮಾರುಕಟ್ಟೆಯ ಆಯುಷ್ಯ ಐದಾರು ವರ್ಷ. ಮಿದುಳಿನ ಪೆಟ್ಟು ತಿಂದವರ ಅಗತ್ಯ ಜೀವಮಾನದ್ದು. ಈ ಹೊಂದಾಣಿಕೆಯಿಲ್ಲದ ಲೆಕ್ಕವನ್ನು ಆಸ್ಪತ್ರೆಗಳು ಖರೀದಿಗೆ ಮೊದಲೇ ಯೋಚಿಸಬೇಕು.

ಆಟದ ಗೆಲುವು, ಕೈಯ ಗೆಲುವು

ವೀ ಆಟಗಳಲ್ಲಿ ಬೌಲಿಂಗ್ ಚಿಕಿತ್ಸಾ ಕೊಠಡಿಗಳಲ್ಲಿ ಬೇಗ ಜನಪ್ರಿಯವಾಯಿತು. ಅದರ ಒಂದೇ ಒಂದು ಎಸೆತವನ್ನು ಬಿಡಿಸಿ ನೋಡಿದರೆ ಇಡೀ ಕ್ಷೇತ್ರದ ಶಕ್ತಿಯೂ ತೊಡಕೂ ಕಣ್ಣಿಗೆ ಕಾಣುತ್ತವೆ. ಆಡುವವರು ರಿಮೋಟಿನ ಕೆಳಗಿನ ಗುಂಡಿಯನ್ನು ತೋರುಬೆರಳಲ್ಲಿ ಒತ್ತಿಹಿಡಿದು, ತೋಳನ್ನು ಹಿಂದಕ್ಕೆ ಒಯ್ದು, ಮುಂದಕ್ಕೆ ತೂಗುತ್ತಾ ಸರಿಯಾದ ಕ್ಷಣದಲ್ಲಿ ಗುಂಡಿಯನ್ನು ಬಿಡಬೇಕು. ಆಗ ಚೆಂಡು ಉರುಳುತ್ತದೆ. ಪಾರ್ಶ್ವವಾಯುವಿನ ನಂತರ ಬಿಗಿಹಿಡಿದ ಕೈಯಲ್ಲಿ ಒತ್ತುವುದಕ್ಕಿಂತ ಬಿಡುವುದು ಕಷ್ಟ. ಬೆರಳು ಮಡಿಸುವ ಸ್ನಾಯುಗಳು ಸೆಟೆದಿರುತ್ತವೆ, ಬಿಡಿಸುವ ಸ್ನಾಯುಗಳಿಗೆ ಬಲವಿರುವುದಿಲ್ಲ. ತೋಳು ಮುಂದೆ ಬಂದರೂ ಬೆರಳು ಬಿಡದೆ, ಪರದೆಯಲ್ಲಿ ಚೆಂಡು ಕೈಯಲ್ಲೇ ಉಳಿಯುತ್ತದೆ. ರಿಮೋಟು ಜಾರದಂತೆ ಕ್ರೇಪ್ ಬ್ಯಾಂಡೇಜಿನಿಂದ ಅಂಗೈಗೆ ಸುತ್ತಿ, ಒಂದು ಕೈಯಿಂದ ರೋಗಿಯ ಮೊಣಕೈಯನ್ನೂ ಇನ್ನೊಂದರಿಂದ ಹೆಗಲನ್ನೂ ಹಿಡಿದ ಥೆರಪಿಸ್ಟ್, ತೋಳು ತೊಡೆಯ ಪಕ್ಕ ಹಾದುಬರುವಾಗ ಈಗ ಬಿಡಿ ಎನ್ನುತ್ತಾರೆ. ಆ ಕ್ಷಣಕ್ಕೆ ಬೆರಳು ಸಡಿಲವಾದರೆ ಸಿಗುವುದು ಅಂಕ ಮಾತ್ರವಲ್ಲ. ಲೋಟವನ್ನು ಮೇಜಿನ ಮೇಲಿಟ್ಟು ಕೈ ಹಿಂದೆಗೆಯಲು ಬೇಕಾದ ಬಿಡುವಿಕೆಯೂ ಅದೇ.

ಟೆನಿಸ್ ಇದಕ್ಕೆ ತದ್ವಿರುದ್ಧ. ರಿಮೋಟಿಗೆ ಗೊತ್ತಾಗುವುದು ತನ್ನ ಚಲನೆ ಮಾತ್ರ. ಭುಜದಿಂದ ಬೀಸಿದರೋ ಮಣಿಕಟ್ಟಿನಿಂದ ಚಿಮ್ಮಿಸಿದರೋ ಅದಕ್ಕೆ ಒಂದೇ. ಸೋಫಾದಲ್ಲಿ ಒರಗಿ ಮಣಿಕಟ್ಟು ಅಲ್ಲಾಡಿಸಿದರೂ ಪಂದ್ಯ ಗೆಲ್ಲಬಹುದು. ಪಾರ್ಶ್ವವಾಯು ರೋಗಿಗಳು ಇದಕ್ಕಿಂತ ಅಪಾಯದ ಒಳದಾರಿ ಹಿಡಿಯುತ್ತಾರೆ. ಮೊಣಕೈ ಚಾಚಲು ಆಗದಾಗ ಸೊಂಟದಿಂದ ಮೇಲಿನ ಮೈಯನ್ನೇ ಮುಂದಕ್ಕೆ ಬಾಗಿಸುತ್ತಾರೆ, ಹೆಗಲನ್ನು ಕಿವಿಯತ್ತ ಎತ್ತುತ್ತಾರೆ. ಯಂತ್ರ ಅಂಕ ಕೊಡುತ್ತದೆ, ರೋಗಿ ಹಿಗ್ಗುತ್ತಾರೆ, ತಪ್ಪು ಚಲನೆ ಬೇರೂರುತ್ತದೆ. ಅದಕ್ಕೆಂದೇ ಥೆರಪಿಸ್ಟರು ಆಟಕ್ಕೆ ಮುಂಚೆ ರೋಗಿಯ ಎದೆಗೆ ಪಟ್ಟಿ ಹಾಕಿ ಕುರ್ಚಿಗೆ ಬಿಗಿಯುವುದುಂಟು. ಅಂಗಡಿಯ ಆಟ ಗೆಲುವನ್ನು ಅಳೆಯುತ್ತದೆ, ಗೆದ್ದ ಬಗೆಯನ್ನು ಅಳೆಯುವುದಿಲ್ಲ. ಅದನ್ನು ನೋಡಲು ಪಳಗಿದ ಕಣ್ಣು ಪಕ್ಕದಲ್ಲಿ ಇರಲೇಬೇಕು.

ಈ ಕೊರತೆ ನೀಗಲೆಂದು ರೋಗಿಗಳಿಗಾಗಿಯೇ ಆಟಗಳು ಹುಟ್ಟಿದವು. ಬಾರ್ಸಿಲೋನಾದಲ್ಲಿ ಪಾಲ್ ವರ್ಶೂರ್ ಮತ್ತು ಮೋನಿಕಾ ಕಾಮೆರಾವ್ ರೂಪಿಸಿದ ವ್ಯವಸ್ಥೆಯಲ್ಲಿ ಪರದೆಯೊಳಗಿನ ಎರಡು ತೋಳುಗಳು ರೋಗಿಯ ತೋಳುಗಳಂತೆಯೇ ಚಲಿಸುತ್ತವೆ. ಎದುರಿನಿಂದ ಹಾರಿಬರುವ ಗೋಲಗಳನ್ನು ಅವುಗಳಿಂದ ತಡೆಯಬೇಕು. ಎಷ್ಟು ಗೋಲ ಕೈತಪ್ಪಿತು ಎಂಬುದನ್ನು ನೋಡಿಕೊಂಡು ಯಂತ್ರವೇ ಅವುಗಳ ವೇಗವನ್ನೂ ಹರಹನ್ನೂ ಹೊಂದಿಸುತ್ತದೆ. ತೀರ ಸುಲಭವಾದರೆ ಕಲಿಯುವುದಿಲ್ಲ, ತೀರ ಕಷ್ಟವಾದರೆ ಕೈಚೆಲ್ಲುತ್ತಾರೆ. ಎರಡರ ನಡುವಿನ ಆ ಕಿರುದಾರಿಯಲ್ಲಿ ರೋಗಿಯನ್ನು ಉಳಿಸುವುದು ಆಟ ಕಟ್ಟುವವರ ಮುಖ್ಯ ಸವಾಲು. ಮಿದುಳಿಗೆ ಪೆಟ್ಟಾದವರಿಗೆ ಪರದೆಯ ತುಂಬ ಗಿಜಿಗುಡುವ ಬಣ್ಣ, ಒಟ್ಟೊಟ್ಟಿಗೆ ಬರುವ ಸೂಚನೆಗಳು, ಸೋತಾಗ ಕೇಳುವ ಅಣಕದ ಸದ್ದು ಇವೆಲ್ಲ ಹೊರೆ. ಮೊದಲೇ ಕುಗ್ಗಿದ ಮನಸ್ಸಿಗೆ ಯಂತ್ರದಿಂದಲೂ ಸೋಲಿನ ಮಾತು ಕೇಳಿಸುವುದು ಸಲ್ಲದು.

ಇವುಗಳಲ್ಲಿ ತೀರ ಭಿನ್ನವಾದದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನಿ ಜಾನ್ ಕ್ರಾಕೌವರ್ ಅವರ ತಂಡ ಕಟ್ಟಿದ ಡಾಲ್ಫಿನ್ ಆಟ. ರೋಗಿಯ ತೋಳಿನ ಭಾರವನ್ನು ಯಂತ್ರವೊಂದು ಹೊರುತ್ತದೆ; ತೋಳು ಹೇಗೆ ಹೊರಳಿದರೆ ಹಾಗೆ ಬ್ಯಾಂಡಿಟ್ ಎಂಬ ಡಾಲ್ಫಿನ್ ಸಮುದ್ರದಲ್ಲಿ ಈಜುತ್ತದೆ, ಶಾರ್ಕ್‌ಗಳ ಮೇಲೆ ಎರಗುತ್ತದೆ. ಲೋಟ ಎತ್ತುವುದು, ಗುಂಡಿ ಹಾಕುವುದು ಎಂಬ ನಿಗದಿತ ಕೆಲಸಗಳು ಅಲ್ಲಿಲ್ಲ. ಮಗು ಕೈಕಾಲು ಬಡಿಯುತ್ತ ತನ್ನ ದೇಹವನ್ನು ಅರಿಯುವ ಹಾಗೆ, ಎಲ್ಲ ದಿಕ್ಕಿಗೂ ತೋಳನ್ನು ಆಡಿಸಿ ಚಲನೆಯ ಗುಣವನ್ನೇ ಮರಳಿ ಪಡೆಯಬೇಕೆಂಬುದು ಅದರ ಹಿಂದಿನ ವಿಚಾರ.

ಪರೀಕ್ಷೆಗಳು ಹೇಳುವುದು

ಟೊರಾಂಟೊದ ಗುಸ್ತಾವೊ ಸಪೋಸ್ನಿಕ್ 2010ರಲ್ಲಿ 22 ರೋಗಿಗಳ ಚಿಕ್ಕ ಪ್ರಯೋಗವೊಂದರಲ್ಲಿ, ವೀ ಆಡಿದವರ ಕೈ ಹೆಚ್ಚು ಸುಧಾರಿಸಿತೆಂದು ಕಂಡರು. ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಅವರೇ ಮುಂದೆ ನಿಂತು ನಡೆಸಿದ ದೊಡ್ಡ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಕೆನಡಾ, ಅರ್ಜೆಂಟೀನಾ, ಪೆರು, ಥಾಯ್ಲೆಂಡ್‌ಗಳ 14 ಕೇಂದ್ರಗಳಲ್ಲಿ, ಪಾರ್ಶ್ವವಾಯುವಾಗಿ ಮೂರು ತಿಂಗಳೊಳಗಿನ 141 ಮಂದಿ. ಎಲ್ಲರಿಗೂ ವಾಡಿಕೆಯ ಚಿಕಿತ್ಸೆ ನಡೆದೇ ಇತ್ತು. ಅದರ ಮೇಲೆ ಎರಡು ವಾರಗಳಲ್ಲಿ ಒಂದೊಂದು ಗಂಟೆಯ ಹತ್ತು ಸರದಿ. ಅರ್ಧದಷ್ಟು ಜನಕ್ಕೆ ವೀ, ಉಳಿದವರಿಗೆ ಇಸ್ಪೀಟು, ಬಿಂಗೊ, ಮರದ ತುಂಡುಗಳ ಗೋಪುರದಿಂದ ಒಂದೊಂದನ್ನೇ ಎಳೆಯುವ ಜೆಂಗಾ, ಚೆಂಡಾಟ. ಎರಡೂ ಗುಂಪಿನವರ ಕೈ ಚುರುಕಾಯಿತು. ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ತಮ್ಮದೇ ಮೊದಲ ಫಲಿತಾಂಶವನ್ನು ಹೀಗೆ ದೊಡ್ಡ ಪರೀಕ್ಷೆಗೆ ಒಡ್ಡಿ, ಬಂದದ್ದನ್ನು ಬಂದಂತೆಯೇ ಪ್ರಕಟಿಸಿದ್ದು ಈ ಕ್ಷೇತ್ರಕ್ಕೆ ಸಂದ ದೊಡ್ಡ ಉಪಕಾರ.

ಬ್ರಿಟನ್ನಿನಲ್ಲಿ 240 ಮಂದಿಯ ಮೇಲೆ ನಡೆದ ಪರೀಕ್ಷೆ ಮನೆಯಲ್ಲೇ ವೀ ಆಡುವುದನ್ನು ಮನೆಯಲ್ಲೇ ಮಾಡುವ ತೋಳಿನ ವ್ಯಾಯಾಮಕ್ಕೆ ಹೋಲಿಸಿತು. ದಿನಕ್ಕೆ ಮುಕ್ಕಾಲು ಗಂಟೆಯವರೆಗೆ, ಆರು ವಾರ. 2017ರ ವರದಿಯ ಪ್ರಕಾರ ಫಲ ಸಮಸಮ. ಖರ್ಚು ಮಾತ್ರ ವೀ ಕಡೆ ಹೆಚ್ಚು. ನಾರ್ವೆ, ಡೆನ್ಮಾರ್ಕ್, ಬೆಲ್ಜಿಯಂಗಳಲ್ಲಿ 120 ಮಂದಿಯ ಮೇಲೆ ನಡೆದ ಇನ್ನೊಂದು ಪರೀಕ್ಷೆಯದೂ ಅದೇ ಕತೆ. ಅಲ್ಲಿಯವರೆಗಿನ 72 ಪರೀಕ್ಷೆಗಳ 2470 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಮೀಕ್ಷೆ 2017ರಲ್ಲಿ ಇದನ್ನೇ ಬಿಡಿಸಿ ಹೇಳಿತು: ಅಷ್ಟೇ ಹೊತ್ತಿನ ಸಾಮಾನ್ಯ ಚಿಕಿತ್ಸೆಗಿಂತ ಆಟದ ಚಿಕಿತ್ಸೆ ಮೇಲಲ್ಲ. ಆದರೆ ಸಾಮಾನ್ಯ ಚಿಕಿತ್ಸೆಯ ಜೊತೆಗೆ ಸೇರಿಸಿ ಒಟ್ಟು ಅಭ್ಯಾಸದ ಹೊತ್ತು ಹೆಚ್ಚಿಸಿದರೆ ಕೈಗೆ ಅನುಕೂಲವಾಗಬಹುದು.

ಇದನ್ನು ಸೋಲೆಂದು ಓದಿದವರೂ ಇದ್ದಾರೆ. ಆ ಓದು ಸರಿಯಲ್ಲ. ಡಾಲ್ಫಿನ್ ಆಟದ ಪರೀಕ್ಷೆಯನ್ನೇ ನೋಡಿ. ಪಾರ್ಶ್ವವಾಯುವಾದ ಆರು ವಾರಗಳೊಳಗಿನ 24 ರೋಗಿಗಳಲ್ಲಿ ಕೆಲವರಿಗೆ ಡಾಲ್ಫಿನ್ ಆಟ, ಉಳಿದವರಿಗೆ ಅಷ್ಟೇ ಗಂಟೆಗಳ ತೀವ್ರವಾದ ಸಾಮಾನ್ಯ ಚಿಕಿತ್ಸೆ ನಡೆಯಿತು. 2021ರ ವರದಿಯಲ್ಲಿ ಎರಡೂ ಗುಂಪುಗಳ ನಡುವೆ ಅಂತರವಿಲ್ಲ. ಆದರೆ ವಾಡಿಕೆಯಷ್ಟೇ ಚಿಕಿತ್ಸೆ ಪಡೆದಿದ್ದ ಹಿಂದಿನ ರೋಗಿಗಳ ದಾಖಲೆಗೆ ಹೋಲಿಸಿದಾಗ ಎರಡೂ ಗುಂಪುಗಳು ಕೈಯ ಬಳಕೆಯಲ್ಲಿ ಮುಂದಿದ್ದವು. ಹಾಗೆಂದರೆ ಕೊರತೆ ಇರುವುದು ಪ್ರಮಾಣದಲ್ಲಿ. ಆ ಪ್ರಮಾಣವನ್ನು ಯಾವ ಬಟ್ಟಲಲ್ಲಿ ಕೊಟ್ಟರೂ ಕೈ ಅದನ್ನು ಸ್ವೀಕರಿಸುತ್ತದೆ.

ಹೀಗೆ ನೋಡಿದಾಗ 2019ರಲ್ಲಿ ಸ್ಟೀವನ್ ಕ್ರೇಮರ್ ನೇತೃತ್ವದಲ್ಲಿ ಅಮೆರಿಕದ 11 ಕೇಂದ್ರಗಳಿಂದ ಬಂದ ವರದಿಗೆ ಹೆಚ್ಚಿನ ಬೆಲೆ ಬರುತ್ತದೆ. 124 ರೋಗಿಗಳಲ್ಲಿ ಅರ್ಧದಷ್ಟು ಜನರ ಮನೆಗೇ ಕಂಪ್ಯೂಟರನ್ನೂ ಆಟದ ಸಲಕರಣೆಗಳನ್ನೂ ಕೊಟ್ಟು, ಥೆರಪಿಸ್ಟರು ವಿಡಿಯೊ ಕರೆಯಲ್ಲಿ ನಿಗಾ ಇಟ್ಟರು. ಉಳಿದವರು ಕೇಂದ್ರಕ್ಕೇ ಬಂದರು. ಇಬ್ಬರಿಗೂ 70 ನಿಮಿಷಗಳ 36 ಸರದಿ. ತೋಳಿನ ಶಕ್ತಿ ಅಳೆಯುವ ಫ್ಯೂಗಲ್-ಮೇಯರ್ ಮಾಪನದಲ್ಲಿ ಎರಡೂ ಕಡೆ ಸುಮಾರು 8 ಅಂಕಗಳ ಏರಿಕೆ. ಇದೇ ಹಾದಿಯಲ್ಲಿ ಲಿನ್ ಗೋಥಿಯರ್ ಅವರ ತಂಡ ಕಟ್ಟಿದ ಆಟದಲ್ಲಿ ರೋಗಿ ಕಿನೆಕ್ಟ್ ಕ್ಯಾಮೆರಾದ ಎದುರು ಕುಳಿತು ನದಿಯಲ್ಲಿ ದೋಣಿಯ ಹುಟ್ಟು ಹಾಕುತ್ತಾರೆ, ದಾರಿಯಲ್ಲಿ ಸಿಗುವ ವಸ್ತುಗಳತ್ತ ಕೈ ಚಾಚುತ್ತಾರೆ. ಟಾಬ್ ಪದ್ಧತಿಯನ್ನು ಆಟದೊಳಗೆ ಇಳಿಸಿದ ಈ ಕ್ರಮವನ್ನು 193 ಮಂದಿಯ ಮೇಲೆ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಥೆರಪಿಸ್ಟ್ ದೂರದಿಂದಲೇ ಮಾತಾಡಿಸುತ್ತಿದ್ದ ಗುಂಪು, ಎದುರೆದುರು ಕುಳಿತು ಚಿಕಿತ್ಸೆ ಪಡೆದವರಿಗೆ ಸರಿಸಮವಾಗಿ ಸುಧಾರಿಸಿತ್ತು. ಥೆರಪಿಸ್ಟರ ಸಮಯವೂ ಬಹಳ ಕಡಿಮೆ ಹಿಡಿದಿತ್ತು. ಒಬ್ಬ ಥೆರಪಿಸ್ಟ್ ಹತ್ತಾರು ಹಳ್ಳಿಗಳ ರೋಗಿಗಳನ್ನು ನೋಡಬೇಕಾದ ಕಡೆ ಸಮಬಲ ಎಂಬ ಫಲಿತಾಂಶ ಸಣ್ಣದಲ್ಲ.

ಗಮನ, ನೆನಪು, ಅರೆಲೋಕ

ತಲೆಗೆ ಪೆಟ್ಟಾದ ಯುವಕರಲ್ಲಿ ಕೈಕಾಲು ಚೆನ್ನಾಗಿ ಓಡಾಡುತ್ತಿದ್ದರೂ ಗಮನ ನಿಲ್ಲುವುದಿಲ್ಲ, ಎರಡು ಕೆಲಸ ಒಟ್ಟಿಗೆ ಸಾಗುವುದಿಲ್ಲ, ಸಿಟ್ಟು ತಡೆಯಲಾಗುವುದಿಲ್ಲ. ಹೊರಗೆ ಕಾಣದ ಈ ಊನವನ್ನು ಮನೆಯವರು ಸೋಮಾರಿತನ, ಹಟ ಎಂದುಕೊಳ್ಳುವುದು ಸಾಮಾನ್ಯ. ಇಲ್ಲಿ ಆಟಗಳ ಬಗ್ಗೆ ಭರವಸೆ ಮೊದಲೇ ಹುಟ್ಟಿದರೂ ಪುರಾವೆ ದುರ್ಬಲ. ಬರ್ಲಿನ್ನಿನಲ್ಲಿ ಎರಡು ತಿಂಗಳು ದಿನಕ್ಕೆ ಅರ್ಧ ಗಂಟೆ ಸೂಪರ್ ಮಾರಿಯೊ ಆಡಿದ ಆರೋಗ್ಯವಂತರಲ್ಲಿ ನೆನಪಿಗೂ ದಾರಿ ಗುರುತಿಸುವುದಕ್ಕೂ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಮುಂತಾದ ಭಾಗಗಳ ಬೂದುದ್ರವ್ಯ ಹೆಚ್ಚಿತೆಂದು 2014ರ ಅಧ್ಯಯನ ತೋರಿಸಿತು. ಗಾಯಗೊಂಡ ಮಿದುಳಿಗೆ ಇದನ್ನು ನೇರವಾಗಿ ಅನ್ವಯಿಸಲಾಗದು.

ತೊಡಕು ಇರುವುದು ಕಲಿತದ್ದು ಬದುಕಿಗೆ ದಾಟುವುದರಲ್ಲಿ. ಪರದೆಯ ಮೇಲೆ ಚಿತ್ರಗಳ ಜೋಡಿ ನೆನಪಿಡುವ ಆಟದಲ್ಲಿ ಚುರುಕಾದವರು ಆ ಆಟದಲ್ಲಿ ಚುರುಕಾಗುತ್ತಾರೆ. ಒಲೆಯ ಮೇಲೆ ಹಾಲಿಟ್ಟದ್ದು ನೆನಪಿರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಕೀತ್ ಸಿಸರೋನ್ ಮುಂದಾಳತ್ವದ ಅಮೆರಿಕದ ತಜ್ಞರ ಸಮೀಕ್ಷೆ 2000ದಲ್ಲೇ, ಥೆರಪಿಸ್ಟರ ಪಾಲಿಲ್ಲದೆ ಬರಿಯ ಕಂಪ್ಯೂಟರ್ ಅಭ್ಯಾಸವನ್ನು ನೆಚ್ಚಬಾರದೆಂದು ಹೇಳಿತ್ತು. ಮಿದುಳು ಚುರುಕಾಗಿಸುವ ಆಟಗಳೆಂದು ಜಾಹೀರಾತು ಮಾಡುತ್ತಿದ್ದ ಲೂಮೋಸಿಟಿ ಕಂಪನಿ, ಪಾರ್ಶ್ವವಾಯು ಮತ್ತು ತಲೆಪೆಟ್ಟಿನ ತೊಂದರೆಗಳನ್ನೂ ತಗ್ಗಿಸುತ್ತದೆ ಎಂಬಂಥ ಆಧಾರವಿಲ್ಲದ ಭರವಸೆಗಳಿಗಾಗಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಕಷ್ಟದಲ್ಲಿರುವ ಮನೆಗಳ ಆಸೆಯನ್ನು ಬಂಡವಾಳ ಮಾಡಿಕೊಳ್ಳುವ ಇಂಥ ಮಾರಾಟ ನಮ್ಮ ಫೋನುಗಳಿಗೂ ದಿನವೂ ಬರುತ್ತಿದೆ. ಅದನ್ನು ತಡೆಯುವುದು ಚಿಕಿತ್ಸೆಯಷ್ಟೇ ಅಗತ್ಯ.

ಆಟ ಬದುಕಿಗೆ ಹತ್ತಿರವಾದಷ್ಟೂ ದಾಟುವಿಕೆ ಸುಲಭ ಎನ್ನಲು ಆಧಾರವಿದೆ. ಬೆಲ್ಜಿಯಂನಲ್ಲಿ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ 83 ಮಂದಿಯಲ್ಲಿ ಕೆಲವರಿಗೆ ಕಾರಿನ ಸಿಮ್ಯುಲೇಟರಿನಲ್ಲಿ ತರಬೇತಿ ಕೊಟ್ಟಾಗ, ಸಾಮಾನ್ಯ ಅಭ್ಯಾಸ ಪಡೆದವರಿಗಿಂತ ಹೆಚ್ಚು ಮಂದಿ ಮತ್ತೆ ವಾಹನ ಓಡಿಸಲು ಅರ್ಹರಾದರೆಂದು 2005ರಲ್ಲಿ ವರದಿಯಾಯಿತು. ಹೈಫಾದವರು ಕಟ್ಟಿದ ಪರದೆಯೊಳಗಿನ ಸೂಪರ್‌ಮಾರ್ಕೆಟ್‌ನಲ್ಲಿ ರೋಗಿ ಪಟ್ಟಿ ಹಿಡಿದು ಸಾಮಾನು ಹುಡುಕಬೇಕು. ಯೋಜನೆ, ನೆನಪು, ತೋಳಿನ ಚಾಚುವಿಕೆ ಎಲ್ಲಕ್ಕೂ ಒಟ್ಟಿಗೇ ಕೆಲಸ.

ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಲೋಕದ ಎಡಭಾಗವೇ ಇಲ್ಲದಂತಾಗುತ್ತದೆ. ಕಣ್ಣಿಗೆ ತೊಂದರೆಯಿಲ್ಲ, ಗಮನ ಅತ್ತ ಹೋಗುವುದಿಲ್ಲ. ತಟ್ಟೆಯ ಬಲಕ್ಕಿರುವ ಅನ್ನ ತಿಂದು ಎಡಕ್ಕಿರುವ ಪಲ್ಯ ಹಾಗೇ ಬಿಡುತ್ತಾರೆ, ಎಡಗಡೆಯ ಬಾಗಿಲಿಗೆ ಹೆಗಲು ಬಡಿಯುತ್ತಾರೆ. ಬಲದಿಂದ ಆರಂಭಿಸಿ ಗುರಿಗಳನ್ನು ಮೆಲ್ಲಮೆಲ್ಲನೆ ಎಡಕ್ಕೆ ಸರಿಸುವ ಆಟಗಳು ಇಂಥವರಿಗೆ ನೋಟ ಹೊರಳಿಸುವ ಅಭ್ಯಾಸ ಕೊಡುತ್ತವೆ. ಎಡ ನೋಡಿ ಎಂದು ಮನೆಯವರು ದಿನವೆಲ್ಲ ಹೇಳಿ ಎರಡೂ ಕಡೆ ಬೇಸರವಾಗುವುದಕ್ಕಿಂತ ಇದು ಮೇಲು.

ಎಚ್ಚರಿಕೆಗಳು

ಮಿದುಳಿಗೆ ಪೆಟ್ಟಾದವರಲ್ಲಿ ಕೆಲವರಿಗೆ ಮುಂದೆ ಫಿಟ್ಸ್ ಬರುವ ಸಂಭವವಿದೆ, ಮಿಂಚುವ ಬೆಳಕು ಕೆಲವರಲ್ಲಿ ಅದನ್ನು ಕೆರಳಿಸಬಹುದು. ಆದ್ದರಿಂದ ಆಟ ಆರಂಭಿಸುವ ಮೊದಲು ನರರೋಗ ವೈದ್ಯರ ಒಪ್ಪಿಗೆ ಬೇಕು. ಕಣ್ಣಿಗೆ ಕಟ್ಟಿಕೊಳ್ಳುವ ವರ್ಚುವಲ್ ರಿಯಾಲಿಟಿ ಸಾಧನಗಳಿಂದ ತಲೆಸುತ್ತು, ವಾಕರಿಕೆ ಬರುವುದುಂಟು. ಸಮತೋಲ ಕುಂದಿದವರು ಬೀಳಬಹುದು. ಬ್ಯಾಲೆನ್ಸ್ ಬೋರ್ಡ್ ಮೇಲೆ ನಿಲ್ಲಿಸುವಾಗ ಎದುರಿಗೆ ಹಿಡಿದುಕೊಳ್ಳುವ ಕಂಬಿಯೂ ಪಕ್ಕದಲ್ಲಿ ಒಬ್ಬರೂ ಇರಲೇಬೇಕು. ಸ್ವಾಧೀನ ತಪ್ಪಿದ ಭುಜದ ಕೀಲು ಸಡಿಲವಾಗಿರುವುದರಿಂದ ರಭಸದ ಬೀಸು ನೋವನ್ನು ವರ್ಷಗಟ್ಟಲೆ ಉಳಿಸಬಹುದು.

ಹೊತ್ತೂ ಮುಖ್ಯ. ಪಾರ್ಶ್ವವಾಯುವಾದ 24 ಗಂಟೆಯೊಳಗೇ ರೋಗಿಗಳನ್ನು ಹೆಚ್ಚು ಹೆಚ್ಚಾಗಿ ಎಬ್ಬಿಸಿ ನಡೆಸುವುದರಿಂದ ಒಳಿತಿಗಿಂತ ಕೆಡುಕೇ ಆದೀತೆಂದು 2104 ಮಂದಿಯ ಅವರ್ಟ್ ಪರೀಕ್ಷೆ 2015ರಲ್ಲಿ ಕಂಡುಕೊಂಡಿತು. ತಲೆಗೆ ಲಘು ಪೆಟ್ಟಾದ 12ರಿಂದ 25 ವಯಸ್ಸಿನ 125 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ 48 ಗಂಟೆ ಪರದೆಯಿಂದ ದೂರವಿದ್ದವರ ತೊಂದರೆಗಳು ಬೇಗ ಇಳಿದವು. ಮುಂದೆ ಔಷಧಿಯಂತೆ ಬಳಸಬಹುದಾದ ಪರದೆಯೇ ಆ ಎರಡು ದಿನ ವರ್ಜ್ಯ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಪಾರ್ಶ್ವವಾಯುವಾದವರಲ್ಲಿ ಬಹಳಷ್ಟು ಮಂದಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಥೆರಪಿಸ್ಟರ ಮುಖ ಕಾಣುವುದೇ ಕಷ್ಟ. ಮನೆಯವರಿಗೇ ತರಬೇತಿ ಕೊಟ್ಟರೆ ಹೇಗೆ ಎಂದು ದೇಶದ 14 ಆಸ್ಪತ್ರೆಗಳ 1250 ರೋಗಿಗಳ ಮೇಲೆ ನಡೆದ ಅಟೆಂಡ್ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. ಆರು ತಿಂಗಳ ನಂತರ, ಮನೆಯವರಿಗೆ ತರಬೇತಿ ಕೊಟ್ಟ ಮತ್ತು ಕೊಡದ ಎರಡೂ ಗುಂಪುಗಳಲ್ಲಿ ಶೇ 47ರಷ್ಟು ಮಂದಿ ತೀರಿಕೊಂಡಿದ್ದರು ಅಥವಾ ಪರಾವಲಂಬಿಗಳಾಗಿ ಉಳಿದಿದ್ದರು. ಮನೆಯವರ ಅಕ್ಕರೆಗೆ ಕೊರತೆಯಿರಲಿಲ್ಲ. ಸರಿಯಾದ ಪ್ರಮಾಣ, ಸರಿಯಾದ ಅಭ್ಯಾಸ, ಅದನ್ನು ಎಣಿಸಿ ತಿದ್ದುವ ವ್ಯವಸ್ಥೆ ಇವಕ್ಕೆ ಅಕ್ಕರೆಯೊಂದೇ ಸಾಲದು. ಎಣಿಸುವ ಮತ್ತು ದಾಖಲಿಸುವ ಕೆಲಸದಲ್ಲಿ ಆಟದ ಯಂತ್ರ ನೆರವಾಗಬಲ್ಲದು ಎಂಬುದು ಈ ಲೇಖಕರ ಅಭಿಪ್ರಾಯ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಮದ್ರಾಸ್ ಐಐಟಿ ಸೇರಿ ರೂಪಿಸಿದ ಪ್ಲೂಟೊ ಎಂಬ ಮೇಜಿನ ಮೇಲಿಡುವ ಸಣ್ಣ ರೋಬೋಟು ಇಲ್ಲಿನ ಅಗತ್ಯವನ್ನು ನೋಡಿ ಮಾಡಿದ್ದು. ಒಂದೇ ಮೋಟಾರಿಗೆ ಬೇರೆ ಬೇರೆ ಹಿಡಿಕೆ ಸಿಕ್ಕಿಸಿ ಮಣಿಕಟ್ಟಿನ ಬಾಗು, ಮುಂಗೈಯ ಹೊರಳು, ಬೆರಳುಗಳ ಹಿಡಿತ ಹೀಗೆ ಒಂದೊಂದನ್ನೇ ಪರದೆಯ ಆಟದ ಮೂಲಕ ಅಭ್ಯಾಸ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗವಿದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ ನರರೋಗಗಳ ಆರೈಕೆಯನ್ನು ಜಿಲ್ಲಾ ಆಸ್ಪತ್ರೆಗಳವರೆಗೆ ಒಯ್ಯುವ ಗುರಿ ಹೊಂದಿದೆ. ಇಂಥ ಅಗ್ಗದ ಸಾಧನಗಳು ತಲುಪಬೇಕಾದದ್ದೂ ಅಲ್ಲಿಗೇ.

ಸಪೋಸ್ನಿಕ್ ಪರೀಕ್ಷೆಯಲ್ಲಿ ಇಸ್ಪೀಟು ಮತ್ತು ಜೆಂಗಾ ವೀಗೆ ಸಮನಾಗಿ ನಿಂತದ್ದನ್ನು ನೆನೆದರೆ, ಕರ್ನಾಟಕದ ಮನೆಗಳು ಕೈಯಲ್ಲಿರುವುದನ್ನೇ ಬಳಸಲು ಹಿಂಜರಿಯಬೇಕಿಲ್ಲ. ಅಳಗುಳಿಮಣೆಯ ಗುಳಿಯಿಂದ ಹುಣಸೆಬೀಜ ಬಳಿದು ಒಂದೊಂದಾಗಿ ಮುಂದಿನ ಗುಳಿಗೆ ಬಿಡುವುದು ಹೆಬ್ಬೆರಳು ಮತ್ತು ತೋರುಬೆರಳಿನ ಚಿವುಟುಹಿಡಿತಕ್ಕೆ ಒಳ್ಳೆಯ ಕಸರತ್ತು, ಜೊತೆಗೆ ಎಣಿಕೆ, ಮುಂದಾಲೋಚನೆ. ನೂಡೊ ಕೋತಿಗಳಿಂದ ಮಾಡಿಸಿದ ಕೆಲಸಕ್ಕೆ ಇದು ಎಷ್ಟು ಹತ್ತಿರ ಎಂಬುದು ಗಮನಿಸಬೇಕಾದ ಸಂಗತಿ. ಚೌಕಾಬಾರದ ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ಚೆಲ್ಲುವುದಕ್ಕೆ ಮುಂಗೈ ಹೊರಳಬೇಕು, ಬೆರಳು ಬಿಚ್ಚಬೇಕು. ಪರದೆಯ ಆಟ ಬೇಕೆಂದರೂ ಹತ್ತು ಪಿನ್ನುಗಳ ಬೌಲಿಂಗನ್ನು ಕಂಡೇ ಇರದ ಅಜ್ಜನಿಗೆ ಅದಕ್ಕಿಂತ ಕ್ರಿಕೆಟ್ ಬ್ಯಾಟು ಬೀಸುವ, ಮಾವಿನಕಾಯಿ ಉದುರಿಸುವ ಆಟ ಬೇಗ ಹಿಡಿಸೀತು.

ಮಾತಿನ ವಿಷಯದಲ್ಲಿ ಇಷ್ಟು ಸುಲಭದ ದಾರಿಯಿಲ್ಲ. ಮಿದುಳಿನ ಎಡಭಾಗದ ಪೆಟ್ಟಿನಿಂದ ಮಾತು ಕಳೆದುಕೊಂಡವರಿಗೆ ಪದ ಹುಡುಕುವ, ಓದುವ, ಬರೆಯುವ ಆಟಗಳು ಇಂಗ್ಲಿಷಿನಲ್ಲಿ ಸಾಕಷ್ಟಿವೆ. ಅವುಗಳ ಚಿತ್ರಗಳ ಕೆಳಗೆ ಕನ್ನಡ ಹೆಸರು ಬರೆದುಬಿಟ್ಟರೆ ಕೆಲಸ ಮುಗಿಯುವುದಿಲ್ಲ. ಕಾಗುಣಿತ, ಒತ್ತಕ್ಷರ, ವಿಭಕ್ತಿ ಪ್ರತ್ಯಯ, ಕ್ರಿಯಾಪದದ ಕೊನೆಯಲ್ಲಿ ಕೂಡುವ ಲಿಂಗ ವಚನಗಳು ಕನ್ನಡಿಗ ರೋಗಿ ಎಡವುವ ಜಾಗಗಳು; ಆಟದ ಹಂತಗಳು ಅಲ್ಲಿಂದಲೇ ಹುಟ್ಟಬೇಕು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ವಾಕ್ ತೊಂದರೆಗಳ ಅಧ್ಯಯನ ದಶಕಗಳಿಂದ ನಡೆದುಬಂದಿದೆ. ಆ ತಿಳಿವಳಿಕೆಯನ್ನು ಬೆಂಗಳೂರಿನಲ್ಲಿ ಆಟ ಕಟ್ಟುವ ತಂತ್ರಜ್ಞರ ಕೈಗೆ ಮುಟ್ಟಿಸಲು ಎರಡೂ ಊರುಗಳ ನಡುವೆ ಇರುವುದು ಕೆಲವೇ ಗಂಟೆಗಳ ದಾರಿ.